ಕರುಣೆಯ ಸುಳ್ಳು

ನನ್ನ ಮೊಮ್ಮಗಳು ಪುಣೆಯಲ್ಲಿ ಕಾಲೇಜು ಕಲಿಯುತ್ತಾಳೆ. ಅಲ್ಲಿ ಸ್ಪೇನ್ ದೇಶದ ಭಾಷೆಯೂ ಒಂದು ವಿಷಯ. ರಜೆಗೆ ಜತ್ತ ತಾಲೂಕಿನ ನಮ್ಮ ಊರಿಗೆ ಬಂದಾಗ ನನಗೊಂದು ಶಬ್ದ ಕಲಿಸಿದಳು: ‘ಮೆಂತೀರಾ’. ನಾನು ಮೆಂತೇಪಲ್ಲೆ ಇರಬೇಕು ಅಂದ್ಕೊಂಡೆ. “ಅಲ್ಲ ಮುತ್ಯಾ, ಸುಳ್ಳು ಅಂತ ಅರ್ಥ” ಅಂದಳು.

ಅರ್ಥ ತಿಳಿದರ ಸಾಲದು, ಬಳಸೂ ರೀತಿ ತಿಳೀಬೇಕು. ಮಕ್ಕಳ ಆಟದ ಬಂದೂಕಕ್ಕ ಅವರು ‘ದೆ ಮೆಂತೀರಾ’, ಅಂದ್ರ ಸುಳ್ಳಿಂದು, ಅಂತಾರ. ನಾವೂ ‘ಸುಳ್ಳ ಸುಳ್ಳ ಅಳಾಕತ್ತಾನ’ ಅನ್ನೂದಿಲ್ಲೇನು? ನಂಬಾಕಾಗದ್ದು ನಡೆದರ ‘ಪಾರೆಸೆ ಮೆಂತೀರಾ’, ಸುಳ್ಳಿನಂಗ ಕಾಣತೈತಿ, ಅಂತಾರ. ಆದರ ಅದು ಖರೇನ ನಡೆದಿರತೈತಿ. ಅವರ ವ್ಯಾಕರಣದಲ್ಲಿ ಸುಳ್ಳೂ ಸ್ತ್ರೀಲಿಂಗ, ಸತ್ಯವೂ ಸ್ತ್ರೀಲಿಂಗ. ಹರದೇಶಿ ಮೇಳದಾಗ ಗಂಡಿನ ಪಕ್ಷ ಹಿಡಿದು ಹಾಡುವ ನನಗೆ, ಎರಡೂ ನಾಗೇಶಿಯವರ ಪಾಲಿಗೆ ಹೋದುವಲ್ಲ ಅನಿಸಿತು.

ಎದೆಗೆ ತಾಕಿದ್ದು ಮಾತ್ರ ‘ಮೆಂತೀರಾ ಪಿಯದೋಸಾ’. ಕರುಣೆಯ ಸುಳ್ಳು. ಎದುರಿನ ಜೀವ ನೋಯಬಾರದು ಅಂತ ಹೇಳುವಂಥದ್ದು. ಸಾವಿರ ಸುಳ್ಳು ಹೇಳಿ ಒಂದು ಮದುವಿ ಮಾಡು ಅಂತಾರ ನಮ್ಮಲ್ಲಿ. ಅದು ಬ್ಯಾರೆ. ಅಲ್ಲಿ ಹೇಳಿದವರ ಕೆಲಸ ಆಗತೈತಿ.

1972ರ ಬರಗಾಲದಾಗ ನಮ್ಮ ಆಯಿ ಹಾಸಿಗೆ ಹಿಡಿದಿದ್ದಳು. “ಹಳ್ಳಕ್ಕ ನೀರ ಬಂತೇನೋ?” ಅಂತ ದಿನಾ ಅಪ್ಪನ್ನ ಕೇಳಾಕಿ. ಹಳ್ಳದಾಗ ಬರೇ ಉಸುಕು. ಎತ್ತು ಮಾರಿ ಆಗಿತ್ತು. ಅಪ್ಪ ಬರಗಾಲದ ಕಾಮಗಾರಿಯಲ್ಲಿ ಖಡಿ ಒಡೆಯಲು ಹೋಗುತ್ತಿದ್ದ. ಒಂದು ಸಂಜೆ ಆಯಿಯ ಹತ್ತಿರ ಕುಂತು, “ಬಂತ ಯವ್ವಾ, ದಂಡಿ ತುಂಬಿ ಹರ್ಯಾಕತ್ತೈತಿ” ಅಂದ. “ಹಂಗಾರ ಹದ ನೋಡಿ ಬಿತ್ತಪಾ” ಅಂದಳು ಆಯಿ. ಅದೇ ವಾರ ತೀರಿಕೊಂಡಳು.

ಜೋಳ ಅಳೆಯುವಾಗ ಒಂದು ಕಾಳು ಹೆಚ್ಚುಕಮ್ಮಿ ಮಾಡದ ಅಪ್ಪ ಹಿಂಗ ಅಂದನಲ್ಲ! ಆಗ ನಾ ಸಣ್ಣ ಹುಡುಗ. ಅದನ್ನ ಸುಳ್ಳು ಅನ್ನಾಕ ಬಾಯಿ ಬರಲಿಲ್ಲ, ಖರೆ ಅನ್ನಾಕೂ ಬರಲಿಲ್ಲ. ಐವತ್ತು ವರ್ಷ ಅದು ಹೆಸರಿಲ್ಲದ ಮಾತಾಗಿ ನನ್ನೊಳಗ ಉಳೀತು. ಏಳನೇತ್ತೆ ಕಲಿತವಗ ಈಗ ಅದರ ಹೆಸರು ಸಿಕ್ಕಿತು, ಅದೂ ದೂರದ ದೇಶದ್ದು. ಅಂದಮ್ಯಾಗ ಅಲ್ಲಿಯ ಮಕ್ಕಳೂ ಹಾಸಿಗೆ ಹಿಡಿದ ತಾಯಿಯ ಹತ್ತಿರ ಕುಂತು ಹಿಂಗ ಹೇಳಿರಬೇಕು.

ಸುಳ್ಳು ಯಾವ ಜಾತಿಯದು ಅಂತ ತಿಳಿಯಲು, ಹೇಳಿದವಗ ಏನು ಸಿಕ್ಕಿತು ಅಂತ ನೋಡಬೇಕು. ಅಪ್ಪಗ ಏನೂ ಸಿಗಲಿಲ್ಲ. ಬಿತ್ತಪಾ ಅಂದಾಗ ಮನೆಯಲ್ಲಿ ಬೀಜಾನೂ ಇರಲಿಲ್ಲ. ಆದರೂ “ಹೂನವ್ವಾ” ಅಂದ.