ಅಭ್ಯಂಜನ, ಅಪಸ್ಮಾರ ಮತ್ತು ಅಹಿಂಸೆ

ಶೃಂಗೇರಿ ಸೀಮೆಯ ಅಡ್ಡಗದ್ದೆಯಂತಹ ಊರುಗಳಲ್ಲಿ, ಮಳೆಗಾಲದ ದಿನಗಳಲ್ಲಂತೂ, ಬಚ್ಚಲೊಲೆಯ ಬೆಂಕಿ ಮನೆಮಂದಿಗೆಲ್ಲ ಆಸರೆ. ಮೈಗೆ ಎಣ್ಣೆ ತಿಕ್ಕಿ, ಹಂಡೆಯ ಸುಡುನೀರನ್ನು ಚೊಂಬು ಚೊಂಬಾಗಿ ತಲೆಗೆ ಹೊಯ್ದುಕೊಳ್ಳುವುದು ಮಲೆನಾಡಿಗರ ಪರಮಸುಖ. ಆದರೆ ಈ ಸುಖವೇ ಕೆಲವರ ಪಾಲಿಗೆ ಆಘಾತವಾಗುವುದುಂಟು. ನೀರು ತಲೆಗೆ ಬಿದ್ದೊಡನೆ ನೋಟ ನಿಲ್ಲುತ್ತದೆ, ಮಾತು ತೊದಲುತ್ತದೆ, ಪ್ರಜ್ಞೆ ತಪ್ಪುವುದೂ ಇದೆ. ಇದೇ ಬಿಸಿನೀರಿನ ಅಪಸ್ಮಾರ. ಹೊರದೇಶಗಳಲ್ಲಿ ವಿರಳವಾದ ಈ ಬಗೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣಸಿಗುತ್ತದೆ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1960-70ರ ದಶಕಗಳಲ್ಲಿಯೇ ಇದನ್ನು ವೈದ್ಯಲೋಕದ ಗಮನಕ್ಕೆ ತಂದಿದ್ದರು. ನೀರಿನ ಬಿಸಿ ತಗ್ಗಿಸಿದರೆ ಹಲವರಿಗೆ ಅಷ್ಟೇ ಸಾಕು. ಸಾಲದವರಿಗೆ ಸ್ನಾನಕ್ಕೆ ಮುನ್ನ ಕ್ಲೋಬಜಾಮ್ ಮಾತ್ರೆ ಕೊಡುವ ಕ್ರಮವಿದೆ.

ಈ ತಿಳಿವಿನ ಹಿಂದೆ ಶ್ರಾವಕನು ಕಡೆಗಣಿಸಲಾಗದ ಸಂಗತಿಯೊಂದಿದೆ. 1996ರಲ್ಲಿ ಪ್ರಕಟವಾದ ಬೆಂಗಳೂರಿನ ಸಂಶೋಧನೆಯೊಂದರಲ್ಲಿ, ಇಲಿಗಳ ತಲೆಯ ಮೇಲೆ ಬಿಸಿನೀರು ಹಾಯಿಸಿ ಅವುಗಳಲ್ಲಿ ಸೆಳವು ಬರಿಸಲಾಯಿತು. ಅಡುಗೆ, ಬೇಸಾಯಗಳಲ್ಲಿ ತಪ್ಪದೆ ಆಗುವ ಆರಂಭೀ, ಉದ್ಯೋಗೀ ಹಿಂಸೆಯನ್ನು ಗೃಹಸ್ಥನು ಎಚ್ಚರದಿಂದ ಮಿತಗೊಳಿಸಬೇಕು. ಸಂಕಲ್ಪೀ ಹಿಂಸೆಯನ್ನಾದರೋ ತ್ಯಜಿಸಲೇಬೇಕು. ಇಲಿಯ ಸೆಳವು ಯಾವ ಸಾಲಿಗೆ ಸೇರಿತು? ಸಂಶೋಧಕನ ಗುರಿ ಕರುಣೆಯದೇ ಇರಬಹುದು. ಆದರೂ ಅಲ್ಲಿ ನೋವು ಆಕಸ್ಮಿಕವಲ್ಲ. ಅದನ್ನು ಉಂಟುಮಾಡುವುದೇ ಪ್ರಯೋಗ. ಪಂಚೇಂದ್ರಿಯ ಜೀವಿಯ ಆ ನೋವನ್ನು ಅನಿವಾರ್ಯವೆಂಬ ಒಂದು ಮಾತಿನಿಂದ ತೊಳೆದುಬಿಡಲಾಗದು. ಹಾಗೆಂದು ಮಗುವಿಗೆ ಮಾತ್ರೆ ನುಂಗಿಸುವ ತಾಯಿಯನ್ನು ದೂಷಿಸುವುದೂ ವಿವೇಕವಲ್ಲ.

ಇನ್ನೊಂದು ದಾರಿಯೂ ತೆರೆದಿದೆ. ಈ ರೋಗ ಎಷ್ಟೋ ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಬರುತ್ತದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡವು ನಿಮ್ಹಾನ್ಸ್ ವೈದ್ಯರೊಡಗೂಡಿ ಅಂತಹ ಕುಟುಂಬಗಳ ವಂಶವಾಹಿಗಳನ್ನು ಪರಿಶೀಲಿಸಿತು. ಮೂರು ತಲೆಮಾರಿನ ಒಂದು ಕುಟುಂಬದಿಂದ ಹೊರಟ ಶೋಧವು 2017ರಲ್ಲಿ ಎಸ್‌ಎಲ್‌ಸಿ1ಎ1 ಎಂಬ ವಂಶವಾಹಿಯಲ್ಲಿ ಅಪರೂಪದ ವ್ಯತ್ಯಾಸಗಳನ್ನು ತೋರಿಸಿತು. ನರಕೋಶಗಳನ್ನು ಉದ್ರೇಕಿಸುವ ಗ್ಲುಟಮೇಟನ್ನು ಕೋಶದೊಳಕ್ಕೆ ಸೆಳೆದುಕೊಳ್ಳುವ ಪ್ರೋಟೀನು ಈ ವಂಶವಾಹಿಯಿಂದ ರೂಪುಗೊಳ್ಳುತ್ತದೆ. ಇದರಿಂದ ಹೊಸ ಔಷಧ ಇನ್ನೂ ಹುಟ್ಟಿಲ್ಲ. ಎಲ್ಲಿ ಹುಡುಕಬೇಕೆಂಬ ಸುಳಿವು ದೊರೆತಿದೆ, ಅಷ್ಟೆ. ಔಷಧ ರೂಪುಗೊಳ್ಳುವಾಗ ಪ್ರಾಣಿಪರೀಕ್ಷೆಯ ಪ್ರಶ್ನೆ ಮತ್ತೆ ಎದುರಾದೀತು. ಆದರೆ ಈ ಸುಳಿವು ಸಿಕ್ಕಿದ್ದು ತಮ್ಮ ರಕ್ತವನ್ನು ತಾವೇ ಒಪ್ಪಿ ಕೊಟ್ಟ ಮನುಷ್ಯರಿಂದ. ಇಲಿಯನ್ನು ಯಾರೂ ಒಪ್ಪಿಗೆ ಕೇಳಿರಲಿಲ್ಲ. ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಎಣಿಸುವ ಸಮಾಜ ಈ ರಕ್ತದ ಹನಿಗಳನ್ನೂ ಆ ಲೆಕ್ಕಕ್ಕೆ ಸೇರಿಸಬಹುದು.

ಅಡ್ಡಿಯಾಗಿರುವುದು ಮುಚ್ಚುಮರೆ. ಜೈನರಿಗೂ ಅನ್ವಯಿಸುವ ಹಿಂದೂ ವಿವಾಹ ಕಾಯಿದೆಯಲ್ಲಿ ಮರುಕಳಿಸುವ ಅಪಸ್ಮಾರವು ಮದುವೆಗೆ ಅಡ್ಡಿಯೆಂದಿದ್ದುದನ್ನು 1999ರ ತಿದ್ದುಪಡಿ ತೆಗೆದುಹಾಕಿತು. ಸಂಬಂಧ ಕುದುರಿಸುವವರ ಮನಸ್ಸಿನಿಂದ ಅದಿನ್ನೂ ಹೋದಂತಿಲ್ಲ. ಅಜ್ಜನಿಗೆ ಬಚ್ಚಲಲ್ಲಿ ಪ್ರಜ್ಞೆ ತಪ್ಪುತ್ತಿದ್ದುದನ್ನು ಮೊಮ್ಮಗಳ ಮದುವೆಯ ಭಯದಿಂದ ಬಚ್ಚಿಡುವ ಮನೆ, ವೈದ್ಯನಿಗೆ ಹೇಳಬೇಕಾದುದನ್ನೂ ಬಚ್ಚಿಡುತ್ತದೆ. ಹೊರೆ ಮತ್ತೆ ಇಲಿಯ ಮೇಲೆ ಬೀಳುತ್ತದೆ. ಆರೋಗ್ಯ ಶಿಬಿರಗಳನ್ನು ನಡೆಸುವ ಬಸದಿಯ ಆಡಳಿತ ಮಂಡಳಿಗಳು ಒಮ್ಮೆ ನರರೋಗತಜ್ಞರನ್ನೂ ಕರೆಸಿ, ಹೇಳಿಕೊಳ್ಳಬಯಸುವ ಮನೆಯವರಿಗೆ ಹೆಸರು ಹೊರಬೀಳದಂತಹ ಒಂದು ಕೋಣೆಯನ್ನು ಒದಗಿಸಬಹುದು.