ಒಂದು ಸಂಸಾರ, ಎರಡು ಲೆಕ್ಕ

ಸತಿಪತಿಗಳು ಎರಡು ದೇಹ, ಒಂದು ಜೀವವಾಗಿ ಬಾಳಲೆಂದು ಹಿರಿಯರು ಹರಸುವುದು ನಮ್ಮಲ್ಲಿ ವಾಡಿಕೆ. ಈ ಹರಕೆಯನ್ನು ನೆಂಟರಿಷ್ಟರೆಲ್ಲರೂ ಒಪ್ಪುತ್ತಾರೆ. ಆದಾಯ ತೆರಿಗೆಯ ಕಾಯಿದೆ ಮಾತ್ರ ಒಪ್ಪುವುದಿಲ್ಲ. ಅದರ ಕಣ್ಣಿಗೆ ಗಂಡ ಒಬ್ಬ ತೆರಿಗೆದಾರ, ಹೆಂಡತಿ ಮತ್ತೊಬ್ಬಳು ತೆರಿಗೆದಾರಳು. ಮೊದಲು ಕೇಳುವಾಗ ಇದು ಒರಟಾಗಿ ತೋರುವುದು ಸಹಜವೇ. ಆದರೆ ಈ ಒರಟುತನದೊಳಗೆ ಗೃಹಿಣಿಯರಿಗೆ ಹಿತವಾದ ಒಂದಂಶವುಂಟೆಂದು ನನಗೆ ಈಚೆಗೆ ಮನದಟ್ಟಾಯಿತು. ಅದನ್ನು ವಾಚಕ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಾವು ಇಲವಾಲದವರು. ಮೈಸೂರಿನಿಂದ ಹುಣಸೂರಿಗೆ ಹೋಗುವ ಹಾದಿಯಲ್ಲಿ ನಮ್ಮ ಮನೆ. ಮಗನೂ ಸೊಸೆಯೂ ಮೈಸೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ಸೊಸೆಯ ಸಂಬಳ ಮಗನ ಸಂಬಳಕ್ಕಿಂತ ಕಡಿಮೆ. ಮದುವೆಯಾದ ಮೊದಲ ವರ್ಷ ರಿಟರ್ನು ಸಲ್ಲಿಸುವ ಕಾಲ ಬಂದಾಗ, ಅಮೆರಿಕೆಯಲ್ಲಿರುವ ನನ್ನ ತಂಗಿಯ ಮಗ ಫೋನಿನಲ್ಲಿ, “ನಾವಿಬ್ಬರೂ ಸೇರಿ ಒಂದೇ ರಿಟರ್ನು ಕೊಡುತ್ತೇವೆ, ತೆರಿಗೆ ಉಳಿಯುತ್ತದೆ. ನೀವೂ ಹಾಗೆಯೇ ಮಾಡಬಾರದೇಕೆ?” ಎಂದನಂತೆ. ನಮ್ಮ ಮನೆಯಲ್ಲಿ ಚರ್ಚೆ ಹುಟ್ಟಿದ್ದು ಆ ಮಾತಿನಿಂದ.

ದೇಶದಿಂದ ದೇಶಕ್ಕೆ ಈ ಪದ್ಧತಿ ಭಿನ್ನವಾಗಿದೆ. ಅಮೆರಿಕೆಯಲ್ಲಿ 1948ರ ಕಾಯಿದೆಯು ದಂಪತಿಗಳ ಆದಾಯವನ್ನು ಕೂಡಿಸಿ, ಸರಿಪಾಲು ಮಾಡಿ ತೆರಿಗೆ ಗೊತ್ತುಮಾಡುವ ಕ್ರಮವನ್ನು ತಂದಿತು. ಇಂಗ್ಲೆಂಡಿನಲ್ಲಿ ಹೆಂಡತಿಯ ಆದಾಯವನ್ನು ಗಂಡನದೆಂದೇ ಎಣಿಸುತ್ತಿದ್ದ ಹಳೆಯ ನಿಯಮವು 1990ರವರೆಗೂ ಬಾಳಿತು. ನಮ್ಮಲ್ಲಿ 1955ರ ಆಯವ್ಯಯದಲ್ಲಿ ಚಿಂತಾಮಣ ದೇಶಮುಖರು ವಿವಾಹಿತರಿಗೆ 2,000 ರೂಪಾಯಿ, ಅವಿವಾಹಿತರಿಗೆ 1,000 ರೂಪಾಯಿ ಎಂದು ವಿನಾಯಿತಿಯಲ್ಲಿ ಭೇದ ಮಾಡಿದ್ದುಂಟು. ಆ ಭೇದ ಈಗಿಲ್ಲ. ದಂಪತಿಗಳು ಇಚ್ಛೆಯಿದ್ದರೆ ಒಂದೇ ರಿಟರ್ನು ಕೊಡುವಂತಾಗಲಿ ಎಂದು ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯು 2025ರ ಆಯವ್ಯಯಕ್ಕೆ ಮುನ್ನ ಸಲಹೆ ಮಾಡಿತ್ತು; ಆ ಆಯವ್ಯಯದಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ.

ಇದರಿಂದಾಗುವ ತಾರತಮ್ಯವನ್ನೂ ಮುಚ್ಚಿಡಬೇಕಾದ್ದಿಲ್ಲ. 2025-26ನೆಯ ವರ್ಷದ ಹೊಸ ಪದ್ಧತಿಯ ದರದಂತೆ, ಗಂಡಹೆಂಡಿರಿಬ್ಬರೂ ತಲಾ 12 ಲಕ್ಷ ರೂಪಾಯಿಯ ತೆರಿಗೆಯೋಗ್ಯ ಸಂಬಳವುಳ್ಳವರಾದರೆ ಇಬ್ಬರಿಗೂ ತೆರಿಗೆಯಿಲ್ಲ. ಅದೇ 24 ಲಕ್ಷವನ್ನು ಗಂಡನೊಬ್ಬನೇ ಗಳಿಸಿ, ಹೆಂಡತಿ ಮನೆಯನ್ನು ನೋಡಿಕೊಂಡಿದ್ದರೆ, ಅವನು ಸೆಸ್ ಸೇರಿ 3,12,000 ರೂಪಾಯಿ ತೆರಬೇಕು. ಎರಡೂ ಮನೆಗಳ ವರಮಾನ ಒಂದೇ, ತೆರಿಗೆ ಬೇರೆ. ಆದಕಾರಣ ಗಂಡನ ವರಮಾನದಲ್ಲಿ ಒಂದು ಪಾಲನ್ನು ಹೆಂಡತಿಯ ಹೆಸರಿಗೆ ಸರಿಸುವ ಆಸೆ ಹುಟ್ಟುವುದು ಆಶ್ಚರ್ಯವಲ್ಲ.

ನಮ್ಮ ಮಗನಿಗೂ ಆ ಆಸೆ ಹುಟ್ಟಿತು. ತನ್ನ ಉಳಿತಾಯವನ್ನು ಸೊಸೆಯ ಹೆಸರಿನಲ್ಲಿ ಠೇವಣಿಯಿಟ್ಟರೆ ಬಡ್ಡಿ ಅವಳ ಲೆಕ್ಕಕ್ಕೆ ಸೇರಿ ತೆರಿಗೆ ತಪ್ಪುವುದೆಂದು ಅವನ ಎಣಿಕೆ. ಸೊಸೆ ಎಲ್ಲವನ್ನೂ ಕೇಳಿಸಿಕೊಂಡು, ಅನಂತರ ನನ್ನ ಕಡೆ ತಿರುಗಿ, “ಅತ್ತೆ, ನನ್ನ ಹೆಸರಿನಲ್ಲಿಟ್ಟ ಮೇಲೆ ಆ ಹಣ ನನ್ನದೋ, ಅವರದೋ? ನಾಳೆ ನಮ್ಮಮ್ಮನ ಕಣ್ಣಿನ ಚಿಕಿತ್ಸೆಗೆ ಅದರಿಂದ ತೆಗೆದುಕೊಟ್ಟರೆ ಯಾರನ್ನಾದರೂ ಕೇಳಬೇಕೆ?” ಎಂದಳು. ಮಗ ಉತ್ತರ ಹೇಳಲಿಲ್ಲ. ಸೊಸೆಯ ತಾಯಿ ವಿಧವೆ; ಬೇರೆ ದಿಕ್ಕಿಲ್ಲದವರು. ಆ ಪ್ರಶ್ನೆ ತೆರಿಗೆಯದಾಗಿರಲಿಲ್ಲ; ಮನೆಯಲ್ಲಿ ಅವಳ ಸ್ಥಾನವೇನೆಂಬುದಾಗಿತ್ತು.

ತೆರಿಗೆಯ ಮಟ್ಟಿಗೆ ಕಾಯಿದೆಯ ಉತ್ತರ 1937ರಿಂದಲೂ ಸ್ಪಷ್ಟವಾಗಿದೆ. ಗಂಡನು ತಕ್ಕ ಪ್ರತಿಫಲವಿಲ್ಲದೆ ಹೆಂಡತಿಗೆ ಸ್ವತ್ತನ್ನು ವರ್ಗಾಯಿಸಿದರೆ, ಅದರಿಂದ ಬರುವ ಆದಾಯವನ್ನು ಗಂಡನ ಲೆಕ್ಕಕ್ಕೇ ಸೇರಿಸತಕ್ಕದ್ದು. ಹೆಂಡತಿ ಗಂಡನಿಗೆ ಕೊಟ್ಟರೂ ನಿಯಮ ಇದೇ. ಆದರೆ ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಮೊದಲನೆಯದು, ಗಂಡನು ಮನಸಾರೆ ಕೊಟ್ಟ ಹಣ ಹೆಂಡತಿಯದೇ. ತೆರಿಗೆ ಅವನು ತೆತ್ತ ಮಾತ್ರಕ್ಕೆ ಒಡೆತನ ಅವನಿಗೆ ಮರಳುವುದಿಲ್ಲ. ಎರಡನೆಯದು, ಆ ಬಡ್ಡಿಯನ್ನು ಅವಳು ಮತ್ತೆ ತೊಡಗಿಸಿದರೆ ಅದರಿಂದ ಹುಟ್ಟುವ ಆದಾಯ ಅವಳ ಲೆಕ್ಕಕ್ಕೆ ಸೇರುತ್ತದೆ. ಅವಳ ಸಂಬಳವೂ, ತವರಿನವರು ಕೊಟ್ಟದ್ದರ ಆದಾಯವೂ ಎಂದಿಗೂ ಅವಳವೇ.

ಹಾಗಾದರೆ ಹಿಂದೂ ಅವಿಭಕ್ತ ಕುಟುಂಬವೆಂದು ಮೂರನೆಯ ಲೆಕ್ಕವೊಂದನ್ನು ತೆರೆಯೋಣವೆಂದು ಮಗ ಕೇಳಿದ. ಈ ವಿಷಯದಲ್ಲಿ ನಮ್ಮ ರಾಜ್ಯದಿಂದ ಸುಪ್ರೀಂ ಕೋರ್ಟಿಗೆ ಹೋದ ಎರಡು ಮೊಕದ್ದಮೆಗಳು ಪ್ರಸಿದ್ಧವಾಗಿವೆ. 1966ರಲ್ಲಿ ಗೌಳಿ ಬುದ್ದಣ್ಣನವರ ಮೊಕದ್ದಮೆಯಲ್ಲಿ, ಅವಿಭಕ್ತ ಕುಟುಂಬವೆನಿಸಲು ಇಬ್ಬರು ಗಂಡಸರು ಇರಲೇಬೇಕೆಂಬುದಿಲ್ಲವೆಂದು ತೀರ್ಮಾನವಾಯಿತು. 1974ರ ಇನ್ನೊಂದು ತೀರ್ಪಿನಲ್ಲಿ, ಪಾಲಾಗಿ ಬಂದ ಅವಿವಾಹಿತನು ಒಬ್ಬನೇ ಕುಟುಂಬವಾಗಲಾರನೆಂದು ಹೇಳಲಾಯಿತು. ಮದುವೆಯಾದ ಮೇಲೆ ಕುಟುಂಬವೇನೋ ಆಯಿತು. ಆದರೆ ಅದಕ್ಕೆ ಪಿತ್ರಾರ್ಜಿತವೇ ಮೊದಲಾದ ಸ್ವಂತ ಸ್ವತ್ತಿರಬೇಕು. ಗಂಡನು ತನ್ನ ಗಳಿಕೆಯನ್ನೇ ಅದಕ್ಕೆ ಸುರಿದರೆ, ಅದರ ಆದಾಯ ಮತ್ತೆ ಅವನ ಲೆಕ್ಕಕ್ಕೇ ಬರುತ್ತದೆ. 12 ಲಕ್ಷದವರೆಗಿನ ರಿಯಾಯಿತಿ ವ್ಯಕ್ತಿಗಳಿಗಲ್ಲದೆ ಅವಿಭಕ್ತ ಕುಟುಂಬಕ್ಕೆ ಸಲ್ಲುವುದಿಲ್ಲ. ಮೇಲಾಗಿ ಆ ಕುಟುಂಬದಲ್ಲಿ ಸೊಸೆ ಸದಸ್ಯಳೇ ಹೊರತು ತಾನಾಗಿ ಪಾಲು ಕೇಳುವ ಹಕ್ಕುಳ್ಳವಳಲ್ಲ. ನಮ್ಮಂಥ ಸಂಬಳದ ಮನೆಗೆ ಇದರಿಂದ ಲಾಭವಿಲ್ಲವೆಂದು ಮಗನೇ ಒಪ್ಪಿದ.

ಈ ಅವಿಭಕ್ತ ಕುಟುಂಬದ ನ್ಯಾಯವನ್ನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರವು ವಿವರಿಸಿತು. ಅದೇ ಗ್ರಂಥ ಸ್ತ್ರೀಧನದ ಅರ್ಥವನ್ನೂ ವಿಶಾಲಗೊಳಿಸಿತೆಂಬುದನ್ನು ನಾವು ಮರೆಯುತ್ತೇವೆ. ನಮ್ಮ ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಹಿಂದೂ ಸ್ತ್ರೀಯರ ಹಕ್ಕುಗಳಿಗಾಗಿ ಪ್ರತ್ಯೇಕ ಕಾಯಿದೆ ಮಾಡಿ, ಸ್ತ್ರೀಧನವನ್ನು ನಿರೂಪಿಸಿ, ಪಾಲಿನಲ್ಲಿ ಹೆಂಗಸರಿಗೂ ಭಾಗ ಕೊಟ್ಟಿತು. ನಮ್ಮ ಊರಿಗೂ ಒಂದು ನೆನಪುಂಟು. 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಅವರೂ ಜವಾಹರಲಾಲ್ ನೆಹರೂ ಅವರೂ ಸೇರಿದ್ದ ಗ್ರಾಮದಾನದ ಸಮ್ಮೇಳನ ಇಲವಾಲದಲ್ಲಿಯೇ ನಡೆಯಿತು. “ನನ್ನದು” ಎಂಬುದನ್ನು ಬಿಟ್ಟು “ನಮ್ಮದು” ಎನ್ನುವುದೇ ಗ್ರಾಮದಾನದ ಸಾರ. ಆದರೆ ದಾನ ಮಾಡಬೇಕಾದರೆ ಅದು ಮೊದಲು ತನ್ನದಾಗಿರಬೇಕಷ್ಟೆ. ತನ್ನದೆಂಬುದೇ ಇಲ್ಲದವಳಿಂದ “ನಮ್ಮದು” ಎಂದು ಹೇಳಿಸುವುದು ಔದಾರ್ಯವೆನಿಸದು.

ಕೊನೆಗೆ ನಮ್ಮ ಮನೆಯಲ್ಲಿ ಹೀಗೆ ನಿಶ್ಚಯವಾಯಿತು. ಮಗನ ಉಳಿತಾಯ ಮಗನ ಹೆಸರಿನಲ್ಲಿಯೇ ಇರುವುದು. ಬಡ್ಡಿಯ ತೆರಿಗೆಯನ್ನು ಅವನು ತೆರುವನು. ಮುಂದೆ ಮನೆ ಕೊಂಡರೆ, ಯಾರು ಎಷ್ಟು ಹಣ ಹಾಕುವರೋ ಅಷ್ಟೇ ಭಾಗವನ್ನು ಕ್ರಯಪತ್ರದಲ್ಲಿ ಬರೆಸುವುದು. ಹಳೆಯ ಪದ್ಧತಿಯೋ ಹೊಸದೋ ಎಂಬ ಆಯ್ಕೆಯನ್ನು ಒಬ್ಬೊಬ್ಬರೂ ಬೇರೆಬೇರೆಯಾಗಿ ಮಾಡುವುದು; ಗಂಡ ಒಂದನ್ನು, ಹೆಂಡತಿ ಇನ್ನೊಂದನ್ನು ಆರಿಸಿದರೂ ಕಾಯಿದೆಯ ಅಡ್ಡಿಯಿಲ್ಲ. ಸಂಬಳದವರು ಪ್ರತಿ ವರ್ಷವೂ ಎರಡನ್ನೂ ತೂಗಿ ನೋಡಬಹುದು. ಮನೆಯ ಖರ್ಚಿಗೆ ಇಬ್ಬರೂ ತಮ್ಮ ಸಂಬಳದ ಪ್ರಮಾಣದಂತೆ ಹಾಕುವುದು. ಉಳಿದದ್ದನ್ನು ಅವರವರ ಇಷ್ಟದಂತೆ ಬಳಸುವುದು.

ಇದರಿಂದ ಕೆಲವು ಸಾವಿರ ರೂಪಾಯಿ ತೆರಿಗೆ ಹೋಗುವುದು ನಿಜ. ಆದರೆ ಮುಂದಿನ ತಿಂಗಳು ಸೊಸೆ ತನ್ನ ತಾಯಿಯನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ, ಬಂದ ಮೇಲೆ ನಮಗೆ ಸಮಾಚಾರ ಹೇಳಿದಳು, ಅಪ್ಪಣೆ ಕೇಳಲಿಲ್ಲ. ಕೇಳುವ ಅಗತ್ಯ ಯಾರಿಗೂ ತೋರಲಿಲ್ಲ.

ಹೊಸದಾಗಿ ಸಂಸಾರ ಹೂಡಿದ ಮಕ್ಕಳಿಗೆ ನಾನು ಹೇಳುವುದಿಷ್ಟೆ: ರಿಟರ್ನಿನ ಕಾಲ ಬಂದಾಗ ಇಬ್ಬರೂ ಒಂದೇ ಮೇಜಿನ ಮುಂದೆ ಕುಳಿತು, ಒಬ್ಬರ ಲೆಕ್ಕವನ್ನು ಮತ್ತೊಬ್ಬರು ಓದಿರಿ, ಆದರೆ ತಮ್ಮದಕ್ಕೆ ತಾವೇ ಸಹಿ ಮಾಡಿರಿ.