ಅತ್ತೆ ಕೇಳಿದ ಒಂದೇ ಪ್ರಶ್ನೆ

ಶಿಂಷಾ ದಂಡೆಯ ನಮ್ಮ ವೈದ್ಯನಾಥಪುರದಲ್ಲಿ ದೇವರ ಹೆಸರಲ್ಲೇ ವೈದ್ಯ ಇದ್ದಾನೆ. ಚರ್ಮರೋಗ ವಾಸಿಯಾಗಲಿ ಅಂತ ಹರಕೆ ಹೊತ್ತು ಬರೋರು ಈಗಲೂ ಉಂಟು. ಹಂಗಾಗಿ ಸೋದರತ್ತೆ ಮಗನ ಮಂಡಿ ಊದಿಕೊಂಡಾಗ ಮೊದಲು ಹರಕೆ, ಆಮೇಲೆ ಎಣ್ಣೆ ಹಚ್ಚಿ ನೀವಿದ್ದು, ಕೊನೆಗೆ ಎಕ್ಸ್‌ರೇ. ಬೆಂಗಳೂರಿನ ಕಿದ್ವಾಯಿಯಲ್ಲಿ ಬಯಾಪ್ಸಿ ಆದಮೇಲೆ ಹೆಸರು ಗೊತ್ತಾಯ್ತು: ಆಸ್ಟಿಯೋಸಾರ್ಕೋಮಾ. ಬೆಳೆಯೋ ವಯಸ್ಸಿನ ಮಕ್ಕಳಲ್ಲಿ, ಹೆಚ್ಚಾಗಿ ಮಂಡಿಯ ಹತ್ತಿರವೇ ಕಾಣಿಸಿಕೊಳ್ಳುವ ಅಪರೂಪದ ಮೂಳೆ ಕ್ಯಾನ್ಸರ್.

ಅತ್ತೆ ಫೋನಲ್ಲಿ ಕೇಳಿದ್ದು ಒಂದೇ: “ಕಾಲು ತಗುದ್ಬುಡ್ತಾರಾ ಮಗಾ?”

1970ರ ದಶಕಕ್ಕೆ ಮುಂಚೆ ಆಗಿದ್ದರೆ ಹೌದು. ಕಾಲು ತೆಗೆದರೂ ಐವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಕಣ್ಣಿಗೆ ಕಾಣದ ಕ್ಯಾನ್ಸರ್ ಕಣಗಳು ಅಷ್ಟರಲ್ಲಿ ಶ್ವಾಸಕೋಶ ಸೇರಿರುತ್ತಿದ್ದವು. ಕೀಮೋ ಬಂದಮೇಲೆ ಲೆಕ್ಕ ಬದಲಾಯ್ತು. ಈಗ ಸಾಮಾನ್ಯವಾಗಿ ಮೊದಲು ಕೆಲವು ವಾರ ಡಾಕ್ಸೋರುಬಿಸಿನ್, ಸಿಸ್‌ಪ್ಲಾಟಿನ್‌ನಂಥ ಔಷಧಿ; ಆಮೇಲೆ ಗಡ್ಡೆಯಿರುವ ಮೂಳೆಯಷ್ಟನ್ನೇ ತೆಗೆದು ಲೋಹದ ಕೀಲು; ಮತ್ತೆ ಕೀಮೋ. ಬಹುಪಾಲು ಮಂದಿಗೆ ಕಾಲು ಉಳಿಯುತ್ತೆ.

ಬೇರೆಡೆ ಹರಡಿಲ್ಲದಿದ್ದರೆ, ಪೂರ್ತಿ ಚಿಕಿತ್ಸೆ ಪಡೆದ ನೂರರಲ್ಲಿ 60ರಿಂದ 70 ಜನ ಐದು ವರ್ಷ ದಾಟುತ್ತಾರೆ. ಹರಡಿದ್ದರೆ 20ರಿಂದ 30. ದಿನವಿಡೀ ಡ್ಯಾಶ್‌ಬೋರ್ಡ್ ನೋಡೋ ನನಗೂ ಈ ಅಂಕಿ ಅತ್ತೆಗೆ ಹೇಳೋಕೆ ಬಾಯಿ ಬರಲಿಲ್ಲ. ಇದು ನೂರು ಜನರ ಲೆಕ್ಕ. ಅವರಿಗಿರೋನು ಒಬ್ಬನೇ ಮಗ. “ಕಾಲು ಉಳಿಸ್ತಾರೆ ಅತ್ತೆ, ಕೀಮೋ ಮಾತ್ರ ಮಧ್ಯದಲ್ಲಿ ನಿಲ್ಲಿಸಬೇಡಿ” ಅಂದೆ. ಮೊನ್ನೆ ಎರಡನೇ ಸುತ್ತು ಮುಗೀತು. ಸ್ಕ್ಯಾನಲ್ಲಿ ಶ್ವಾಸಕೋಶ ಚೆನ್ನಾಗಿದೆ.

ಮಂಡಿ ನೋವೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಊರಿಂದ ಫೋನ್ ಬಂದಾಗ ಕೇಳಿ: ನೋವು ವಾರಗಟ್ಟಲೆ ಇದೆಯಾ, ರಾತ್ರಿ ಎಬ್ಬಿಸುತ್ತಾ, ಊತ ಇದೆಯಾ? ಹೌದು ಅಂದರೆ ನೀವೋದು ಬೇಡ, ಮದ್ದೂರಲ್ಲೇ ಒಂದು ಎಕ್ಸ್‌ರೇ ತೆಗೆಸಿ ಅನ್ನಿ.